ಹಡಗಿನಲ್ಲಿ ಆಯಿಯ ಕೋಣೆ

ಮೂಡಲಗಿ
ಸೋಮವಾರ, ೨೩-೧೧-೧೯೯೮

ತೀರ್ಥರೂಪ ಅಪ್ಪಾ,

ಜಯ ಜಿನೇಂದ್ರ. ಕಾಲಿನ ಬಾವು ಇಳಿಯಿತೇ? ಕಾಟಿನ ಮೇಲೆ ಅಂಗಾತ ಮಲಗಿ ಮಲಗಿ ಬೆನ್ನು ಕೆಂಪಾಗಿದೆ ಎಂದು ಅವ್ವ ಹೇಳಿದ್ದಳು, ಅದಕ್ಕೆ ಪುಡಿ ಹಾಕುತ್ತಿದ್ದಾರೆಯೇ? ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ? ನಿಮ್ಮವ್ವ, ಅಂದರೆ ನಮ್ಮ ಆಯಿ, ದಿನಕ್ಕೆ ಹತ್ತು ಸಲ ಇದನ್ನೇ ಕೇಳುತ್ತಾಳೆ: “ಮೀರಜದ ದವಾಖಾನ್ಯಾಗ ಹೊತ್ತ ಮುಳುಗಿದ ಮ್ಯಾಲೆ ಊಟಾ ಕೊಡತಾರಂತ. ನನ್ನ ತವನಪ್ಪ ಉಪಾಸ ಮಲಗತಾನೋ ಏನೋ.” ಅವ್ವ ಪಕ್ಕದಲ್ಲೇ ಇದ್ದಾಳೆ, ಐದಕ್ಕೇ ಸ್ಟೋ ಹಚ್ಚಿ ರೊಟ್ಟಿ ಬಡಿದು ನಿಮಗೆ ಉಣ್ಣಿಸುತ್ತಾಳೆ ಎಂದು ನಾನು ಸಾವಿರ ಸಲ ಹೇಳಿದ್ದೇನೆ. ನಂಬಬೇಕಲ್ಲ! ಈ ಸಲ ಆಯಿಗೆ ನೀವೇ ನಿಮ್ಮ ಕೈಯಾರೆ ಎರಡು ಸಾಲು ಬರೆಯಿರಿ, ನಾನು ಬದುಕಿಕೊಳ್ಳುತ್ತೇನೆ. ನೀರು ಸೋಸುವುದಕ್ಕೆ ಆಯಿ ಎರಡು ಹೊಸ ಬಟ್ಟೆ ಹೊಲಿದಿಟ್ಟಿದ್ದಾಳೆ. ಬರುವಾಗ ನಾನೇ ತರುತ್ತೇನೆ.

ಇಲ್ಲಿ ನಾವು ಆರಾಮ. ನಿಮ್ಮ ಕಿರಿ ಮಗಳು ಸೋನಾಲಿ ಗಣಿತದಲ್ಲಿ ನೂರಕ್ಕೆ ಮೂವತ್ತೆಂಟು ತಂದು, ಪೇಪರನ್ನೇ ತಪ್ಪು ತೆಗೆದಿದ್ದಾರೆ ಎಂದು ಆಯಿಯನ್ನು ನಂಬಿಸಿದ್ದಾಳೆ. ನಿಮ್ಮ ಮೋಟರ್ ವೈಂಡಿಂಗ್ ಅಂಗಡಿಯ ಬೀಗ ತೆಗೆದು ಎರಡು ದಿನಕ್ಕೊಮ್ಮೆ ಕಸ ಹೊಡೆಯುತ್ತೇನೆ. ನೀವು ಅರ್ಧ ಸುತ್ತಿಟ್ಟ ಮೋಟರು ಹಾಗೆಯೇ ಕುಳಿತಿದೆ. ಅದರ ಮಾಲಕರು ಬಂದಿದ್ದರು. ಬೇರೆ ಕಡೆ ಒಯ್ಯುತ್ತೀರೇನು ಎಂದು ಕೇಳಿದ್ದಕ್ಕೆ, “ಛೇ ಛೇ, ತವನಪ್ಪಣ್ಣಾರ ಕೈಯಾಗಿಂದನ ಆಗಲಿ, ನಾವ ಕಾಯತೇವು” ಎಂದು ಚಹಾ ಸಹ ಕುಡಿಯದೆ ಹೋದರು. ಇನ್ನು ಆಯಿಯ ಸುದ್ದಿ. ನೀವು ಬಿದ್ದ ಮರುದಿನವೇ ಆಕೆ ನಮ್ಮ ಮನೆಯ ನಿಚ್ಚಣಿಕೆಯನ್ನು ದನದ ಕೊಟ್ಟಿಗೆಗೆ ಒಯ್ದು, ಹಳೆಯ ಸೀರೆಯಿಂದ ಕಂಬಕ್ಕೆ ಬಿಗಿದು ಕಟ್ಟಿದ್ದಾಳೆ. ನೀವು ಪಂಪು ಎತ್ತಲು ಇಳಿದದ್ದು ಬೆಲ್ಲದ ಬಾಗೇವಾಡಿಯ ಬಾವಿಗೆ, ಕಾಲು ಜಾರಿದ್ದು ಅಲ್ಲಿಯ ಕಬ್ಬಿಣದ ನಿಚ್ಚಣಿಕೆಯಿಂದ. ನಮ್ಮ ಬಡಪಾಯಿ ಬಿದಿರಿನದು ಏನು ತಪ್ಪು ಮಾಡಿದೆ ಎಂದು ಕೇಳಿದೆ. “ನಿಚ್ಚಣಿಕಿ ಅಂದ್ರ ನಿಚ್ಚಣಿಕಿನ. ಒಬ್ಬಾಂವ ಬಿದ್ದದ್ದು ಸಾಕು, ಯಾರೂ ಮುಟ್ಟಬ್ಯಾಡ್ರಿ” ಎಂದಳು. ಆ ಗಂಟು ನನ್ನ ಕೈಗಂತೂ ಬಿಚ್ಚುವುದಿಲ್ಲ.

ನಿಮ್ಮ ಪತ್ರ, ಅದರೊಳಗಿನ ಆರನೆಯ ನಕಾಶೆ ಶನಿವಾರ ಕೈ ಸೇರಿದವು. ಅಪ್ಪಾ, ಎಷ್ಟು ಸಲ ಓದಿದೆನೋ! ನಿಮ್ಮನ್ನು ಜೀಪಿನಲ್ಲಿ ಮೀರಜಕ್ಕೆ ಒಯ್ಯುವ ದಿನ, ಹಲ್ಲು ಕಚ್ಚಿ ನೋವು ನುಂಗುತ್ತಲೇ ನೀವು ನನಗೆ ಹೇಳಿದ್ದು ಒಂದೇ ಮಾತು: “ರವಿವಾರ ಹಡಗಿಂದು ಏನೇನಾತು, ಬರದ ಕಳಸವಾ.” ಊರೆಲ್ಲ ಅಳುತ್ತಿತ್ತು, ನಿಮಗೆ ಧಾರಾವಾಹಿಯ ಚಿಂತೆ! ಆದರೆ ಅದು ನಮಗೆ ಬರಿಯ ಧಾರಾವಾಹಿ ಆಗಿತ್ತೇ? ರವಿವಾರ ಸಂಜೆ ಐದೂವರೆಗೆ ಟಿವಿ ಮುಂದೆ ತಾಟು ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದೆವು. ಹೊತ್ತು ಮುಳುಗುವುದರೊಳಗೆ ಊಟವೂ ಮುಗಿಯಬೇಕು, ಕತೆಯೂ ಮುಗಿಯಬೇಕು. ನಕ್ಷತ್ರಗಳ ನಡುವೆ ದಾರಿ ತಪ್ಪಿದ ಆ ಹಡಗು, ಮನೆಗೆ ಮರಳಲು ದಾರಿ ಹುಡುಕುವ ಅದರ ಕಪ್ತಾನ, ಬೇಕಾದ ದಿನಕ್ಕೆ ಒಯ್ಯುತ್ತದೆ ಎನ್ನುವ ಅದರ ಕಾಲದ ಕೋಣೆ, ಇವುಗಳ ಮೇಲೆ ನೀವೂ ನಾನೂ ವಾರವಿಡೀ ಜಗಳಾಡುತ್ತಿದ್ದೆವು. ಕಾಲದ ಕೋಣೆ ಎಂಜಿನ್ನಿನ ಮೇಲಿದೆ ಎಂದು ನಾನು, ಅಷ್ಟು ಕಾವಿನ ಬಾಜೂ ಯಾವ ಶಾಣ್ಯಾ ತಂತಿ ಎಳೆಯುತ್ತಾನೆ ಎಂದು ನೀವು.

ಆರು ವಾರದಲ್ಲಿ ನಾನು ಆರು ಕತೆ ಬರೆದೆ, ನೀವು ಆ ಹಡಗಿನ ಆರು ನಕಾಶೆ ಬರೆದಿರಿ. ನಾನು ಒಂದು ಪತ್ರದಲ್ಲಿ ಕಪ್ತಾನನ ಗಡಿಯಾರ ಬಲಗೈಯಲ್ಲಿದೆ ಎಂದೆ, ಮುಂದಿನದರಲ್ಲಿ ಎಡಗೈ ಎಂದು ಬರೆದೆ. ನೀವು ವಾರ್ಡಿನ ಮಂದಿಯನ್ನೆಲ್ಲ ಕೂಡಿಸಿ ಚರ್ಚೆ ಮಾಡಿ, ಹಡಗಿನಲ್ಲಿ ಇಬ್ಬರು ಕಪ್ತಾನರಿದ್ದಾರೆ, ಒಬ್ಬ ಬರುವ ವರ್ಷದಿಂದ ಹಿಂದೆ ಬಂದವನು, ಅವನಿಗೆ ಮಲಗಲು ಇಲ್ಲೊಂದು ಗುಪ್ತ ಕೋಣೆ ಎಂದು ಗೆರೆ ಎಳೆದು ಕಳಿಸಿದಿರಿ. ನನ್ನ ಕತೆಯಲ್ಲಿ ಎರಡನೆಯ ವಾರ ಸತ್ತ ಹಡಗಿನ ವೈದ್ಯಬಾಯಿ ಐದನೆಯ ವಾರ ಬಂದು ನೀರು ಕುಡಿದಳು. ಅದಕ್ಕೂ ನೀವು ದಾರಿ ಹುಡುಕಿದಿರಿ: ಸಾಯುವ ಮುಂಚಿನ ದಿನ ಆಕೆ ಕಾಲದ ಕೋಣೆಗೆ ಹೊಕ್ಕಿದ್ದಳು, ಹೊರಗೆ ಬಂದದ್ದು ಈಗ. ಎಂಜಿನ್ ಒಮ್ಮೆ ಊಟದ ಕೋಣೆಯ ಕೆಳಗೆ, ಒಮ್ಮೆ ಮೇಲೆ ಬಂತು. ಮೋಟರಿನ ಆರ್ಮೇಚರ್ ತಿರುಗಿದ ಹಾಗೆ ಹಡಗೇ ಎಂಟು ದಿನಕ್ಕೊಮ್ಮೆ ಮಗ್ಗಲು ಬದಲಿಸುತ್ತದೆ ಎಂದಿರಿ. ಬಾಜೂ ಕಾಟಿನ ಸೋಮಪ್ಪ ಕಾಕಾ ಹತ್ತರಗಿಯವರು, ಕಾರಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಅಡುಗೆಮನೆಯ ತಲೆಯ ಮೇಲೆ ಬಾಯ್ಲರ್ ಇಟ್ಟವನನ್ನು ಮೊದಲು ಕೆಲಸದಿಂದ ತೆಗೆಯಿರಿ ಎಂದು ಕೂಗಿ ನರ್ಸಬಾಯಿಯಿಂದ ಬೈಸಿಕೊಂಡರಂತಲ್ಲ, ಅದನ್ನು ಓದಿ ನಾವು ಮೂವರೂ ಹೊಟ್ಟೆ ಹಿಡಿದು ನಕ್ಕೆವು.

ಅದೇ ಸೋಮಪ್ಪ ಕಾಕಾ ಈ ಸಲ ನನ್ನನ್ನು ಸರಿಯಾಗಿ ಹಿಡಿದರು. ಅವರ ಮಾತನ್ನು ನೀವು ಹಾಗೆಯೇ ಬರೆದಿದ್ದೀರಿ: “ಏ ತವನಪ್ಪಾ, ನಿನ್ನ ಹಡಗದಾಗ ಎಲ್ಲಾರೂ ಹೊತ್ತ ಮುಳುಗೂದರಾಗ ಉಂಡ ಕೈ ತೊಳಕೋತಾರ, ನೀರ ಸೋಸಿ ಕುಡೀತಾರ, ಒಬ್ಬಾಂವರೆ ಉಳ್ಳಾಗಡ್ಡಿ ಮುಟ್ಟವಲ್ಲ. ಎಲ್ಲಾರೂ ನಿಮ್ಮ ಜೈನರ ಮಂದಿ ಅದಾರೇನ? ಅಲ್ಲೋ, ಚುಕ್ಕಿ ನಡುವ ಹೊತ್ತ ಮುಳುಗೂದರ ಎಲ್ಲಿಂದ ಬಂತು?” ಓದುವಾಗ ನನ್ನ ಕಿವಿ ಬಿಸಿಯಾದವು. ಅದರ ಕೆಳಗೆ ನಿಮ್ಮ ಉತ್ತರ: “ಹಂಗಲ್ಲ ಸೋಮಪ್ಪಾ. ಅಡಗಿ ಖೋಲಿ ಹಿಂದ ಒಬ್ಬಾಕಿ ಆಯಿ ಅದಾಳ, ಟಿವ್ಯಾಗ ತೋರಸೂದಿಲ್ಲ. ಆಕಿ ಹೇಳಿದಾಗ ಹೊತ್ತ ಮುಳುಗತೈತಿ.” ನಕಾಶೆಯಲ್ಲಿ ಅಡುಗೆ ಕೋಣೆಯ ಹಿಂದೆ ಹೊಸದೊಂದು ಕೋಣೆ, ಅದರಲ್ಲೊಂದು ಕೊಡ, ಕೊಡದ ಬಾಯಿಗೆ ಬಟ್ಟೆ. ಅದನ್ನು ನೋಡಿದ ಕೂಡಲೇ ನಿಮಗೆ ಎಲ್ಲ ಗೊತ್ತಿದೆ ಎಂದು ನನಗೆ ತಿಳಿಯಿತು.

ಹೌದು ಅಪ್ಪಾ, ಬಾಯಿಬಿಟ್ಟು ಹೇಳಿಬಿಡುತ್ತೇನೆ. ಆರು ವಾರದಿಂದ ನಾವು ಆ ಧಾರಾವಾಹಿ ನೋಡಿಯೇ ಇಲ್ಲ. ನೀವು ಹೋದ ಮೂರನೆಯ ದಿನ ಗಾಳಿಗೆ ಮಾಳಿಗೆಯ ಮೇಲಿನ ಆಂಟೆನಾ ತಿರುಗಿತು. ಟಿವಿಯಲ್ಲಿ ಬರಿ ಚುಕ್ಕೆ, ಬರಿ ಸೊಂಯ್ ಸಪ್ಪಳ. ಮೇಲೆ ಹತ್ತಿ ಸರಿ ಮಾಡೋಣವೆಂದರೆ ನಿಚ್ಚಣಿಕೆ ಕೊಟ್ಟಿಗೆಯಲ್ಲಿ ಕೈದಿ. ಮಂದಿಯ ಮನೆಗೆ ಹೋಗಿ ನೋಡೋಣವೆಂದರೆ ಅದು ನಮ್ಮ ಊಟದ ಹೊತ್ತು, ಆಯಿ ಹೊಸ್ತಿಲು ದಾಟಗೊಡುವುದಿಲ್ಲ. ಸೋನಾಲಿಗೆ ಸಾಲೆಯಲ್ಲಿ ಕೇಳಿಕೊಂಡು ಬಾ ಎಂದರೆ, “ಏನೋ ಢಂ ಅಂತಂತ, ಆಮ್ಯಾಲೆ ಎಲ್ಲಾರೂ ಅತ್ತರಂತ” ಎಂದು ಹೇಳಿ ಆಡಲು ಓಡಿದಳು. ಇಷ್ಟರಲ್ಲಿ ಏನು ಬರೆಯಲಿ? ನೀವು ಅಲ್ಲಿ ಮುರಿದ ಎಲುಬು ಕೂಡಲೆಂದು ಕಾಲಿಗೆ ಕಲ್ಲು ಕಟ್ಟಿಸಿಕೊಂಡು ಮಲಗಿ ಟಪಾಲಿನವನ ದಾರಿ ಕಾಯುತ್ತೀರಿ ಎಂದು ಅವ್ವ ಹೇಳಿದ್ದಳು. ಖಾಲಿ ಪತ್ರ ಕಳಿಸಲು ಮನಸ್ಸಾಗಲಿಲ್ಲ. ತಾಟು ಮುಂದಿಟ್ಟುಕೊಂಡು, ಚುಕ್ಕೆಗಳನ್ನು ನೋಡುತ್ತ ನಾನೇ ಕತೆ ಕಟ್ಟಿದೆ. ನಾವು ಉಣ್ಣುವ ಹೊತ್ತಿಗೆ ಅವರೂ ಉಂಡರು, ನಾವು ಸೋಸಿದ ನೀರನ್ನೇ ಅವರೂ ಕುಡಿದರು.

ನೀವು ಇದನ್ನು ಎಂದು ಹಿಡಿದಿರೋ ಗೊತ್ತಿಲ್ಲ, ಎರಡನೆಯ ಪತ್ರಕ್ಕೇ ಹಿಡಿದಿರಬೇಕು. ಸುಳ್ಳು ಬರೆದೆ ಎಂದು ಬೈಯಬಹುದಿತ್ತು. ಬೈಯಲಿಲ್ಲ. ನಾನು ಮಾಡಿದ ಒಂದೊಂದು ತಪ್ಪಿಗೂ ನೀವು ಆ ಹಡಗಿನಲ್ಲಿ ಒಂದೊಂದು ಕೋಣೆ ಕಟ್ಟಿಕೊಟ್ಟಿರಿ. ಅಪ್ಪಾ, ಇದಕ್ಕೆ ನಾನು ಏನೆಂದು ಹೇಳಲಿ? ನಿಮ್ಮ ಉಪಕಾರ ಎಂದು ಬರೆದರೆ ನೀವೇ ನಗುತ್ತೀರಿ, ಆದರೂ ಬರೆಯುತ್ತೇನೆ. ನಿಮ್ಮಂಥ ಅಪ್ಪ ಸಿಕ್ಕದ್ದು ನನ್ನ ಪುಣ್ಯ. ಸೋಮಪ್ಪ ಕಾಕಾನಿಗೂ ಕೈ ಮುಗಿದು ಹೇಳಿರಿ, ಅವರು ಜಗಳ ತೆಗೆಯದಿದ್ದರೆ ಇಷ್ಟು ವಾರ ನಿಮಗೆ ಹೇಗೆ ಹೋಗುತ್ತಿದ್ದವೋ.

ಇನ್ನು ಸಿಟ್ಟಿನ ಮಾತು. ನಿನ್ನೆ ಎಸ್‌ಟಿಡಿ ಬೂತಿನಿಂದ ಅವ್ವನ ಜೊತೆ ಮಾತಾಡಿದೆ. ಎಲುಬು ಸೊಟ್ಟ ಕೂಡಿದೆ, ಬಿಚ್ಚಿ ಮತ್ತೆ ಕೂಡಿಸಿ ರಾಡ್ ಹಾಕಬೇಕು, ಶುಕ್ರವಾರ ಆಪರೇಶನ್ನಿಗೆ ಸಹಿ ಮಾಡಿರಿ ಎಂದು ಡಾಕ್ಟರು ಹೇಳಿದ್ದಾರೆ, ನೀವು ಒಲ್ಲೆ ಎಂದಿದ್ದೀರಂತೆ. “ಕೋಲ ಹಿಡಕೊಂಡ ಅಡ್ಡಾಡತೇನಿ, ಸಾಕು, ಮನಿಗೆ ಹೋಗೂಣು” ಎಂದಿರಂತೆ. ಕಾಲದ ಕೋಣೆ ಖರೆ ಇದ್ದಿದ್ದರೆ ಆ ಮಂಗಳವಾರಕ್ಕೆ ಹೋಗಿ ಬಾವಿಗೆ ಇಳಿಯದೆ ಹಿಂದೆ ಬರುತ್ತಿದ್ದೆ ಎಂದೂ ಹೇಳಿದಿರಂತೆ. ನಾನೂ ಹೋಗುತ್ತಿದ್ದೆ ಅಪ್ಪಾ, ಸುಳ್ಳು ಹೇಳುವುದಿಲ್ಲ, ಓಡಿ ಹೋಗಿ ನಿಮ್ಮ ಅಂಗಿ ಹಿಡಿದು ಜಗ್ಗುತ್ತಿದ್ದೆ. ಆದರೆ ಅಂಗಡಿಗೆ ಸುಟ್ಟ ಮೋಟರು ತಂದು, ನಿನ್ನೆ ಸ್ಟಾರ್ಟರ್ ಒತ್ತಬಾರದಿತ್ತು ಎಂದು ಹಳಹಳಿಸುವವರಿಗೆ ನೀವೇ ಏನು ಹೇಳುತ್ತಿದ್ದಿರಿ? “ಸುಟ್ಟದ್ದು ಸುಟ್ಟ ಹೋತ್ರಿ. ಬಿಚ್ಚಿ ಹೊಸಾದು ಸುತ್ತೂಣು.” ಮಂದಿಯ ಮೋಟರಿಗೆ ಒಂದು ನ್ಯಾಯ, ನಿಮ್ಮ ಕಾಲಿಗೆ ಇನ್ನೊಂದೇ? ಹೆದರಿಕೆ ಎಂದರೆ ಹೆದರಿಕೆ ಎಂದು ಹೇಳಿರಿ, ನನಗೂ ಹೆದರಿಕೆ ಇದೆ. ಗುರುವಾರ ಸಂಜೆಯ ಬಸ್ಸಿಗೆ ನಾನು ಬರುತ್ತೇನೆ, ಇಬ್ಬರೂ ಕೂಡಿ ಹೆದರೋಣ.

ನಿಮ್ಮ ನಕಾಶೆಯನ್ನು ಆಯಿಗೆ ತೋರಿಸಿದೆ. ತನ್ನ ಕೋಣೆ ಅಡುಗೆಮನೆಗೆ ಹತ್ತಿಕೊಂಡೇ ಇರುವುದು ಬರೋಬ್ಬರಿ ಎಂದು ಒಪ್ಪಿದಳು, ಕೊಡ ಸ್ವಲ್ಪ ಸಣ್ಣದಾಯಿತು ಎಂದಳು. ಆಮೇಲೆ ಇನ್ನೊಂದು ಮಾತು ಕೇಳಿದಳು. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಅವ್ವನಿಗೆ ನನ್ನ ನಮಸ್ಕಾರ, ಆಕೆಗೆ ಮಧ್ಯಾಹ್ನ ಒಂದು ತಾಸಾದರೂ ಮಲಗಲು ಹೇಳಿರಿ. ಸೋನಾಲಿ ನಿಮ್ಮ ಗಡ್ಡಕ್ಕೊಂದು ಮುತ್ತು ಕಳಿಸಿದ್ದಾಳೆ. ಆಯಿ ದಿನಾ ಬಸದಿಯಲ್ಲಿ ನಿಮ್ಮ ಹೆಸರು ಹೇಳಿ ಕೈ ಮುಗಿಯುತ್ತಾಳೆ, ಅದರ ಫಲ ನಿಮ್ಮ ಕಾಲಿಗೆ ಮುಟ್ಟಲಿ.

ನಿಮ್ಮ ಸುಳ್ಳಿ ಮಗಳು,
ರೂಪಾಲಿ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆಯಿ ಕೇಳಿದ್ದು ಇದು: “ಖೋಲಿ ಚೊಲೋ ಐತಿ. ಆದರ ಪಾವಟಗಿ ಎಲ್ಲಿ ಅದಾವು? ಮ್ಯಾಲ ಹತ್ತೂದು ಹ್ಯಾಂಗ?” ಆಗ ನಾನು ಹಿಂದಿನ ಐದೂ ನಕಾಶೆ ತೆಗೆದು ನೋಡಿದೆ. ಎಲ್ಲದರಲ್ಲೂ ಊಟದ ಕೋಣೆಯಿಂದ ಕಾಲದ ಕೋಣೆಗೆ ಹತ್ತುವ ಪಾವಟಿಗೆ ಇವೆ. ಇದರಲ್ಲಿ ಮಾತ್ರ ಹಡಗೆಲ್ಲ ಒಂದೇ ನೆಲ, ಕೋಲು ಹಿಡಿದು ಅಡ್ಡಾಡುವವರಿಗೆ ಬೇಕಾದ ಹಾಗೆ. ಬೆಳಕಿಗೆ ಹಿಡಿದರೆ ನೀವು ಬರೆದು ರಬ್ಬರಿನಿಂದ ಅಳಿಸಿದ ಗುರುತು ಕಾಣುತ್ತದೆ. ಅಪ್ಪಾ, ಎಷ್ಟು ಅತ್ತೆ ಎಂದು ಕೇಳಬೇಡಿರಿ. ನಾನು ಅತ್ತದ್ದು ನೋಡಿ ಆಯಿ ಕೊಟ್ಟಿಗೆಗೆ ಹೋಗಿ ಸೀರೆಯ ಗಂಟು ಸಡಿಲು ಮಾಡಿ ಬಂದಿದ್ದಾಳೆ. ಪೂರ್ತಿ ಬಿಚ್ಚಿಲ್ಲ, ಅದನ್ನು ತವನಪ್ಪನೇ ಬಂದು ಬಿಚ್ಚಲಿ, ಆಂಟೆನಾ ಅವನೇ ತಿರುಗಿಸಲಿ ಎನ್ನುತ್ತಾಳೆ. ನಕಾಶೆಯನ್ನು ಇದರ ಜೊತೆ ಹಿಂದೆ ಕಳಿಸುತ್ತಿದ್ದೇನೆ. ಅಳಿಸಿದ ಜಾಗದಲ್ಲೇ ಒಂಬತ್ತು ಪಾವಟಿಗೆ ಬರೆದಿದ್ದೇನೆ, ನಮ್ಮ ನಿಚ್ಚಣಿಕೆಗೆ ಇರುವಷ್ಟೇ. ಶುಕ್ರವಾರ ಸಹಿ ಮಾಡಿರಿ. ಈ ಸಲ ಪೆನ್ನಿನಿಂದ ಬರೆದಿದ್ದೇನೆ, ನಿಮ್ಮ ರಬ್ಬರು ನಡೆಯುವುದಿಲ್ಲ.