ಹದಿನಾರು ಚೆಂಡುಗಳ ಲೆಕ್ಕ

ಹುಮನಾಬಾದ್
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಮಚ್ಚೇಂದ್ರಣ್ಣನಿಗೆ, ತಮ್ಮ ರಾಜೀವನ ಜೈಭೀಮ್.

ಆರೋಗ್ಯವೇ? ಬಸವಕಲ್ಯಾಣದ ಟೈರ್ ಅಂಗಡಿಯಲ್ಲಿ ಜ್ಯಾಕ್ ಎತ್ತಿ ಎತ್ತಿ ನಿನ್ನ ಬೆನ್ನು ಹಿಡಿದಿದೆ ಎಂದು ಅವ್ವ ಹೇಳಿದಳು. ವಾಲಿಬಾಲ್ ಎತ್ತುತ್ತಿದ್ದ ಬೆರಳುಗಳು ಈಗ ಲಾರಿ ಎತ್ತುತ್ತಿವೆ, ಬಡ್ತಿಯೆಂದೇ ತಿಳಿಯೋಣ. ಇಲ್ಲಿ ಎಲ್ಲರೂ ಕ್ಷೇಮ. ಫೋನ್ ಮಾಡಿದರೆ “ಗಿರಾಕಿ ಬಂದಾರ, ಇಡ್ತೀನಿ” ಎನ್ನುತ್ತೀ. ಒಂದೂವರೆ ವರ್ಷದಿಂದ ಆ ಗಿರಾಕಿ ಎದ್ದು ಹೋಗಿಯೇ ಇಲ್ಲ. ಆದ್ದರಿಂದ ಅವ್ವ ಬಸ್ಸಿಗೆ ಕೊಟ್ಟು ಕಳಿಸುವ ರೊಟ್ಟಿ ಡಬ್ಬಿಯಲ್ಲಿ, ಶೇಂಗಾ ಹಿಂಡಿಯ ಪೊಟ್ಟಣದ ಕೆಳಗೆ ಈ ಪತ್ರ ಇಟ್ಟಿದ್ದೇನೆ. ಕಣ್ಣಿಗೆ ಖಾರ ತಾಗಿದರೆ ಹಿಂಡಿಯನ್ನು ಬೈ, ನನ್ನನ್ನಲ್ಲ.

ನಮ್ಮ ತಂಡದ ಅಂಕಿ-ಅಂಶ ಇಲಾಖೆಯ ಏಕೈಕ ಅಧಿಕಾರಿಯಾದ ನಾನು ಇನ್ನೂ ಅಧಿಕಾರದಲ್ಲಿದ್ದೇನೆ. ಆಟದ ವಿಡಿಯೊ ನೋಡುತ್ತ, ಹೊಡೆಯುವವನಿಗೆ ಸೆಟ್ಟರ್ ಎತ್ತಿಕೊಟ್ಟ ಪ್ರತಿ ಚೆಂಡಿಗೂ ಅಂಕ ಹಾಕುವ ನನ್ನ ಶಾಸ್ತ್ರ ನಿನಗೆ ನೆನಪಿರಬೇಕು: ಹೊಡೆದವನು ಪಾಯಿಂಟ್ ತಂದರೆ ಸೆಟ್ಟರಿಗೆ ಮೂರು, ಎದುರಿನವರು ಚೆಂಡನ್ನು ಬದುಕಿಸಿಕೊಂಡರೆ ಎರಡು, ನೆಟ್ಟಿಗೆ ಬಿದ್ದರೆ ಅಥವಾ ಹೊರಗೆ ಹೋದರೆ ಸೊನ್ನೆ. ಈ ಮಹಾಶಾಸ್ತ್ರದ ಪ್ರಕಾರವೇ ನಿನ್ನ ನಲವತ್ತು ಚೆಂಡುಗಳ ಸರಾಸರಿ ಒಂದೂ ಕಾಲು ಬಂದದ್ದು, ವೀರಭದ್ರ ಮಾಸ್ತರರು ನಿನ್ನನ್ನು ತಂಡದಿಂದ ಕೈಬಿಟ್ಟದ್ದು. “ತಮ್ಮಾ, ಚೆಂಡು ಎಲ್ಲಿ ಬಿತ್ತು ಅಂತ ಬರದೀದಿ. ನಾ ಎಲ್ಲಿ ಇಟ್ಟಿದ್ದೆ ಅಂತ ನೋಡೀದೇನು?” ಎಂದು ಕೇಳಿ, ಮೊಣಕಾಲಿನ ಪಟ್ಟಿಗಳನ್ನು ಬಿಚ್ಚಿ ನೆಟ್ಟಿನ ಕಂಬಕ್ಕೆ ಕಟ್ಟಿ ಹೊರಟೆ. ಅವು ಇನ್ನೂ ಅಲ್ಲೇ ಇವೆ, ಯಾರೂ ಮುಟ್ಟುವುದಿಲ್ಲ. ಗಾಳಿ ಬಂದಾಗ ಕಂಬದ ಬಳಿ ಯಾರೋ ಕಾಲು ಬದಲಿಸಿ ನಿಂತಂತಾಗುತ್ತದೆ. ನಾನು ಪ್ರತಿ ಸಲವೂ ತಿರುಗಿ ನೋಡುತ್ತೇನೆ.

ನಿನ್ನ ಜಾಗಕ್ಕೆ ಬಂದ ವಸೀಮ್ ಒಳ್ಳೆಯ ಆಟಗಾರ. ಅವನ ಚೆಂಡು ತಗ್ಗು, ಚುರುಕು. ಆದರೆ ಅದನ್ನು ಹೊಡೆಯಲೆಂದು ನಾನು ಹಾರಲು ಹೊರಟಾಗಲೆಲ್ಲ ಕಿವಿಯಲ್ಲಿ ನಿನ್ನ ದನಿ: “ನಿಂದರೋ ತಮ್ಮಾ, ಚೆಂಡು ಬರ್ಲಿ!” ನೀನಿದ್ದಾಗ ಒಮ್ಮೆಯೂ ಕೇಳದ ಮಾತನ್ನು ಈಗ ಚಾಚೂ ತಪ್ಪದೆ ಪಾಲಿಸುತ್ತೇನೆ. ನಿಲ್ಲುತ್ತೇನೆ. ಅಷ್ಟರಲ್ಲಿ ವಸೀಮನ ಚೆಂಡು ದಾಟಿ ಹೋಗಿರುತ್ತದೆ. “ಭಾಯ್, ಯಾರ ಸಲುವಾಗಿ ಕಾಯಾಕತ್ತೀರಿ?” ಎಂದು ಅವನು ನಗುತ್ತ ಕೇಳುತ್ತಾನೆ. ಕಳೆದ ವಾರದಿಂದ ನಗುತ್ತಿಲ್ಲ. ಅವನ ಸರಾಸರಿಯೂ ಒಂದೂ ಕಾಲಿಗೆ ಇಳಿದಿದೆ. ನಾಡಿದ್ದು ಭಾನುವಾರದ ಸಭೆಯಲ್ಲಿ ಮಾಸ್ತರರು ಅವನನ್ನೂ ಕೈಬಿಡಲಿದ್ದಾರೆ.

ಮೊನ್ನೆ ನಿನ್ನ ಹಳೆಯ ವಿಡಿಯೊ ತೆಗೆದು, ಹೊಡೆಯುವವನ ಕೈ ತಾಗುವ ಮುಂಚೆಯೇ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಸೊನ್ನೆ ಬಿದ್ದ ಇಪ್ಪತ್ತರಲ್ಲಿ ಹದಿನಾರು ಚೆಂಡುಗಳು ನೆಟ್ಟಿನಿಂದ ಒಂದು ಮೊಳ ಈಚೆಗೆ, ಇಡಬೇಕಾದ ಜಾಗದಲ್ಲೇ ಇದ್ದವು, ಗೂಟಕ್ಕೆ ತೂಗುಹಾಕಿದ ಹಾಗೆ. ಹದಿನಾರನ್ನೂ ಅವಸರದಲ್ಲಿ ಹಾರಿ ಕೆಡಿಸಿದ ಕೈ ನನ್ನದು. ಸೊನ್ನೆ ಮಾತ್ರ ನಿನ್ನ ಹೆಸರಿನಲ್ಲಿ. ವಿಡಿಯೊ ನಿಲ್ಲಿಸಿದರೆ ಚೆಂಡು ಕೆಳಗೆ ಬರುವುದಿಲ್ಲ ಅಣ್ಣಾ. ಫೋನ್ ಜೇಬಿಗೆ ಹಾಕಿಕೊಂಡ ಮೇಲೂ ಬರುವುದಿಲ್ಲ. ಹದಿನಾರೂ ತಲೆಯ ಮೇಲೇ ನಿಂತಿರುತ್ತವೆ.

ಬೆನ್ನು ಜೋಪಾನ. ಡಬ್ಬಿ ತೊಳೆದು ಕಳಿಸು, ಇಲ್ಲದಿದ್ದರೆ ಅವ್ವನೇ ಬಸ್ಸು ಹತ್ತಿ ಬರುತ್ತಾಳೆ. ಅಂಗಡಿಯವರಿಗೆಲ್ಲ ನನ್ನ ನಮಸ್ಕಾರ, ಆ ಗಿರಾಕಿಗೂ.

ನಿನ್ನ ತಮ್ಮ,
ಏಳನೇ ನಂಬರಿನ ರಾಜೀವ

ತಾ.ಕ.: ಬಸ್ಸಿಗೆ ಹೊತ್ತಾಯಿತು. ‘ಮೊನ್ನೆ’ ಎಂದು ಮೇಲೆ ಬರೆದದ್ದು ಸುಳ್ಳು. ನೀನು ಪಟ್ಟಿ ಕಟ್ಟಿ ಹೋದ ಸಂಜೆಯೇ ನೋಡಿದ್ದೆ. ಹೇಳಿದ್ದರೆ ತಂಡದಿಂದ ನನ್ನ ಹೆಸರು ಹೋಗುತ್ತಿತ್ತು. ಭಾನುವಾರ ನಾಲ್ಕು ಗಂಟೆಗೆ ಎಲ್ಲರ ಮುಂದೆ ಹದಿನಾರನ್ನೂ ಓದುತ್ತೇನೆ. ಏಳನೇ ಅಂಗಿ ಒಗೆದು ಮಡಚಿಟ್ಟಿದ್ದೇನೆ, ಮಾಸ್ತರರಿಗೆ ಒಪ್ಪಿಸಲು. ಕಂಬದ ಪಟ್ಟಿಗಳನ್ನು ಬಿಚ್ಚಿ ಈ ಡಬ್ಬಿಯಲ್ಲೇ ಕಳಿಸೋಣವೆಂದು ನಿನ್ನೆ ಹೋಗಿದ್ದೆ, ಕೈ ಬರಲಿಲ್ಲ. ನೀನೇ ಬಂದು ಬಿಚ್ಚು.