ಬಳೆಯ ಜೊತೆ ಬಿಚ್ಚಿದ ಪಟ್ಟಿ

ಮದ್ದೂರು
ಬುಧವಾರ

ಶ್ಯಾಮಣ್ಣ ಭಾವನವರಿಗೆ ನಮಸ್ಕಾರ.

ನಿಮ್ಮ ತಮ್ಮ ತೀರಿಕೊಂಡ ಹನ್ನೊಂದನೆಯ ದಿನ ನನ್ನ ಬಳೆ ಒಡೆಯುವಾಗ, ದೊಡ್ಡತ್ತೆ ನನ್ನ ಮಣಿಕಟ್ಟಿನಲ್ಲಿದ್ದ ಕಪ್ಪು ಪಟ್ಟಿಯನ್ನೂ ಬಿಚ್ಚಿದರು. "ಇದೂ ಅವ್ನು ತೊಡ್ಸಿದ್ದೇ ಕಣಮ್ಮ, ಇನ್ಯಾಕೆ ಬುಡು" ಎಂದರು. ಅದೇನೆಂದು ಅವರಿಗೆ ಗೊತ್ತಿರಲಿಲ್ಲ. ಎತ್ತಿ ಜೇಬಿಗೆ ಹಾಕಿಕೊಂಡ ನಿಮಗೆ ಗೊತ್ತಿತ್ತು.

ಅದು ಮಳವಳ್ಳಿಯ ನಮ್ಮ ಔಷಧಿ ಅಂಗಡಿಯ ಬೀಗದ ಕೈ. ಪಾಸ್‌ವರ್ಡ್ ಮರೆತುಹೋಗುತ್ತದೆಂದು ನಿಮ್ಮ ತಮ್ಮ ನಮ್ಮಿಬ್ಬರಿಗೂ ಒಂದೊಂದು ತಂದಿದ್ದರು. ಕಟ್ಟಿಕೊಂಡವರ ಎದೆಬಡಿತವನ್ನು ಗುರುತು ಹಿಡಿದು ಅದು ಬೀಗ ತೆಗೆಯುತ್ತದೆ. ಅವರದು ಅವರ ಎದೆಬಡಿತದ ಜೊತೆಗೇ ನಿಂತಿತು. ನನ್ನದು ನನ್ನ ಎದೆಬಡಿತಕ್ಕೆ ಮಾತ್ರ ಬೀಗ ತೆಗೆಯುತ್ತದೆ. ನಿನ್ನೆ ಬೇರೆ ಯಾರೋ ಅದನ್ನು ಕಟ್ಟಿಕೊಂಡು ಬಾಗಿಲು ತೆಗೆಯಲು ನೋಡಿದರೆಂದು ಬೀಗ ನನ್ನ ಫೋನಿಗೆ ತಿಳಿಸಿತು. ಯಾರೆಂದು ನಾನು ಕೇಳುವುದಿಲ್ಲ.

ಬೀಗ ಒಡೆಸಬೇಡಿ. ಫಾರ್ಮಸಿ ಓದಿದವಳು ನಾನು, ಅಂಗಡಿಯ ಲೈಸೆನ್ಸೂ ನನ್ನ ಹೆಸರಿನಲ್ಲಿದೆ. ಸೋಮವಾರ ಮೊದಲ ಬಸ್ಸಿಗೆ ಬಂದು ಅಂಗಡಿ ಮುಂದೆ ನಿಂತಿರುತ್ತೇನೆ. ಪಟ್ಟಿಯನ್ನು ದೊಡ್ಡತ್ತೆಯ ಕೈಲಿ ಕಳಿಸಿ. ಬಿಚ್ಚಿದವರೇ ಕಟ್ಟಲಿ.

ಕಟ್ಟುವಾಗ ನನ್ನ ಕೈ ನೋಡಿ ಅವರು ಬೆಚ್ಚಬಾರದು, ಮೊದಲೇ ಹೇಳಿಡಿ. ಬಳೆಯನ್ನು ನಾನೇ ಪೇಟೆಯಲ್ಲಿ ಕೊಂಡು ತೊಟ್ಟಾಗಿದೆ.

ನಿಮ್ಮ ತಮ್ಮನ ಹೆಂಡತಿ,
ರಂಗನಾಯಕಿ