ಫ್ರೆಂಚ್ ಸೋಫಾದ ಮೇಲೆ ರೋಸ್

ಕಾಪು
7 ಜನವರಿ 2025, ಮಂಗಳವಾರ

ಕಾರ್ಲ್ಟನ್ ಅವರಿಗೆ ಗ್ಲ್ಯಾಡಿಸ್ ಮಾಡುವ ನಮಸ್ಕಾರ. 'ಪ್ರಿಯ' ಎಂದು ಬರೆಯಲು ಕೈ ಬರಲಿಲ್ಲ.

ನೀವು ಕಾರ್ಕಳದಿಂದ ಕಳುಹಿಸಿದ ಪಿಕಪ್ ಅಂಗಳದಲ್ಲಿ ನಿಂತಿದೆ. ಡ್ರೈವರ್ ಯೋಗೀಶ್ ಚಹಾ ಕುಡಿಯುತ್ತಿದ್ದಾರೆ. ಸೋಫಾ ಬರುವುದಿಲ್ಲ, ಅವರ ಕೈಯಲ್ಲಿ ಈ ಕಾಗದ ಬರುತ್ತದೆ. ನೀವು ನನ್ನ ಫೋನ್ ಎತ್ತುವುದಿಲ್ಲವಲ್ಲ.

ಸೋಫಾ ಕೊಟ್ಟರೆ ಮಾತ್ರ ಮದುವೆಯ ದಿನ ಮಗಳನ್ನು ಕೈಹಿಡಿದು ಇಗರ್ಜಿಯೊಳಗೆ ಕರೆದೊಯ್ಯುತ್ತೇನೆ ಎಂದು ಹೋದ ವಾರ ನಿಮ್ಮ ತಮ್ಮನ ಮೂಲಕ ಹೇಳಿ ಕಳುಹಿಸಿದಿರಿ. ಮಣಿಪಾಲದ ಯಾವುದೋ ಹೋಟೆಲಿನವರಿಗೆ ಅದನ್ನು ಮಾರುವುದೆಂದು ಮಾತು ಕೊಟ್ಟಾಗಿದೆಯಂತೆ. ನಿಮ್ಮ ಮುತ್ತಜ್ಜ ಅದನ್ನು ಮಾಹೆಯ ಫ್ರೆಂಚ್ ಸಾಹೇಬರಿಂದ ಕೊಂಡು ಮಚ್ವೆ ದೋಣಿಯಲ್ಲಿ ತಂದದ್ದು, ಸರಿ. ಆದರೆ ನಿಮ್ಮ ಅಮ್ಮ ಸಾಯುವ ಮೊದಲು ಅದನ್ನು ಕೊಟ್ಟದ್ದು ಮೊಮ್ಮಗಳು ಲೊರ್ನಾಳಿಗೆ, ಪಾದ್ರಿಗಳ ಎದುರಿಗೇ. ನಿಮ್ಮನ್ನು ಬಿಟ್ಟು ಬರುವಾಗ ಅವಳ ಸೊತ್ತೆಂದೇ ನಾನು ತಂದೆ. ಮಾರಲಿಕ್ಕೆ ನೀವು ಯಾರು?

ನನಗೆ ಅದರ ಮೇಲೆ ಮೋಹ ಎಂದು ತಿಳಿಯಬೇಡಿ. ಮದುವೆಯಾಗಿ ಬಂದ ದಿನ ಗೊತ್ತಿಲ್ಲದೆ ಅದರ ಮೇಲೆ ಕುಳಿತೆ. ನಿಮ್ಮ ಅಮ್ಮ ಎಬ್ಬಿಸಿದರು. ಮಲ್ಪೆಯ ಮೀನಿನ ಲಾರಿಯವನ ಮಗಳು ಕೂತರೆ ರೇಷ್ಮೆಗೆ ವಾಸನೆ ಹಿಡಿಯುತ್ತದೆ ಎಂದರು. ನೀವು ಕಿಟಕಿಯಾಚೆ ನೋಡುತ್ತಿದ್ದಿರಿ. ಆಮೇಲೆ ಅದರ ಕೆತ್ತನೆ ಹೂಗಳ ಧೂಳು ಒರೆಸಿದ್ದೇ ಬಂತು, ಕೂರಲಿಲ್ಲ.

ನಿನ್ನೆ ಲೊರ್ನಾಳ ರೋಸ್ ಶಾಸ್ತ್ರ ಇತ್ತು. ಮದುಮಗಳಿಗೆ ತೆಂಗಿನಹಾಲು ಎರೆಯುವಾಗ ಕೂರಲು ಮರದ ಮಣೆ ಇಡುವುದು ನಮ್ಮ ವಾಡಿಕೆ. ನಾನು ಸೋಫಾವನ್ನೇ ಅಂಗಳಕ್ಕೆ ಹಾಕಿಸಿದೆ. ಪಕ್ಕದ ಮನೆಯ ಪುಷ್ಪಾವತಿ ಓಡಿ ಬಂದು, ಎಂತ ಮಾಡ್ತೀರಿ ಬಾಯಮ್ಮ, ಇಷ್ಟು ಚಂದದ ಸೋಫಾ ಉಂಟು, ಹಾಳಾಗ್ತದೆ ಅಲ್ವಾ ಎಂದು ಬೊಬ್ಬೆ ಹೊಡೆದಳು. ಆಗಲಿ ಎಂದೆ. ಮಗಳ ತಲೆಯಿಂದ ಹಾಲು, ಎಣ್ಣೆ ಎರಡೂ ಧಾರಾಳ ಇಳಿದವು. ಈಗ ಮರದ ತಿಳಿನೀಲಿ ಬಣ್ಣ ಚಕ್ಕೆ ಎದ್ದಿದೆ, ಚಿನ್ನದ ಗೆರೆಗಳು ಒರೆಸುವ ಬಟ್ಟೆಗೆ ಬಂದಿವೆ, ರೇಷ್ಮೆ ಹುಳಿ ನಾರುತ್ತಿದೆ. ಯೋಗೀಶ್ ಒಮ್ಮೆ ನೋಡಿ ತಲೆ ಕೆರೆದುಕೊಂಡರು. ನಿಮ್ಮ ಹೋಟೆಲಿನವರಿಗೆ ಬೇಕಾದರೆ ಫೋಟೋ ಕಳುಹಿಸುತ್ತೇನೆ.

ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ನಾಳೆ ಹತ್ತು ಗಂಟೆಗೆ ಮಗಳ ಕೈಹಿಡಿದು ನಾನೇ ನಡೆಯುತ್ತೇನೆ. ಅಮ್ಮ ನಡೆಸುವುದುಂಟಾ ಎಂದು ಊರವರು ಬೇಕಾದ್ದು ಹೇಳಲಿ.

ಇತಿ,
ಗ್ಲ್ಯಾಡಿಸ್

ತಾ.ಕ.: ಇದನ್ನು ಬರೆಯಬಾರದು ಎಂದಿದ್ದೆ. ಸೋಫಾ ಕೊಟ್ಟುಬಿಡು ಮಮ್ಮಿ, ನನಗೆ ಡ್ಯಾಡಿ ಬಂದರೆ ಸಾಕು ಎಂದು ಲೊರ್ನಾ ಮೊನ್ನೆ ಅತ್ತಳು. ಕೊಡುವುದು ನನಗೇನೂ ಕಷ್ಟವಿರಲಿಲ್ಲ. ಆದರೆ ಸೋಫಾ ಕೊಟ್ಟು ಕರೆಸಿಕೊಂಡ ಅಪ್ಪ ಎಂದು ಅವಳು ಜೀವಮಾನವಿಡೀ ನೆನೆಯುವುದು ಬೇಡ. ಅದಕ್ಕೇ ಹಾಳು ಮಾಡಿದೆ. ಇನ್ನು ನೀವು ಬಂದರೆ ಅವಳಿಗಾಗಿಯೇ ಬಂದ ಹಾಗೆ. ಅವಳ ಒಂದು ಕೈ ನಾನು ಬಿಡುವುದಿಲ್ಲ, ಇನ್ನೊಂದು ನೀವು ಹಿಡಿಯಬಹುದು.